ನ್ಯೂರೋಪೆಪ್ಟೈಡ್ ಸಂಶೋಧನೆ: ಒಂದು ಅಣುವಿನ ಹಿಂದೆ ಆಯುಷ್ಯ ಕಳೆಯುವುದೆಂದರೆ

ಪ್ರಶ್ನೆ: ನಾವು ಸುಂಟಿಕೊಪ್ಪದ ಬಳಿಯ ಕಾಫಿ ಬೆಳೆಗಾರರು. ಮಗಳು ಮಂಗಳೂರಿನಲ್ಲಿ ಬಯೋಕೆಮಿಸ್ಟ್ರಿ ಎಂ.ಎಸ್ಸಿ. ಮುಗಿಸಿ ಸಂಶೋಧನಾ ವಿದ್ಯಾರ್ಥಿವೇತನದ ಜೆ.ಆರ್.ಎಫ್. ಪರೀಕ್ಷೆಯಲ್ಲೂ ತೇರ್ಗಡೆಯಾಗಿದ್ದಾಳೆ. ನ್ಯೂರೋಪೆಪ್ಟೈಡ್‌ಗಳು ಮತ್ತು ಜೀವಕೋಶಗಳ ಸಂಕೇತ ವ್ಯವಸ್ಥೆಯ ಮೇಲೆ ಪಿಎಚ್.ಡಿ. ಮಾಡುತ್ತೇನೆ ಎನ್ನುತ್ತಾಳೆ. ಎರಡು ಕಡೆಯಿಂದ ಕರೆ ಬಂದಿದೆ. ಒಂದು, ಹೊಸ ಯಂತ್ರಗಳೆಲ್ಲ ಇರುವ ದೊಡ್ಡ ಪ್ರಯೋಗಾಲಯ. ಇನ್ನೊಂದು, ಒಂದೇ ಪೆಪ್ಟೈಡಿನ ಮೇಲೆ ಇಪ್ಪತ್ತು ವರ್ಷದಿಂದ ಕೆಲಸ ಮಾಡುತ್ತಿರುವ ಸಣ್ಣ ಪ್ರಯೋಗಾಲಯ. ಒಂದು ಅಣುವಿನ ಹಿಂದೆ ಆಯುಷ್ಯವನ್ನೇ ಕಳೆಯುವುದರಲ್ಲಿ ಅರ್ಥವಿದೆಯೇ? ಈ ದಾರಿ ಎಲ್ಲಿಗೆ ಹೋಗುತ್ತದೆ? ಓದು ಮುಗಿದ ಮೇಲೆ ಅವಳು ಕೊಡಗಿಗೆ ಮರಳಲು ಸಾಧ್ಯವೇ?

ಉತ್ತರ: ನಾನು ನಾಪೋಕ್ಲು ಕಡೆಯವನು. ಮೂವತ್ತನಾಲ್ಕು ವರ್ಷ ಇದೇ ಕೆಲಸ ಮಾಡಿ, ಈಗ ನಿವೃತ್ತನಾಗಿ ಮಡಿಕೇರಿಯಲ್ಲಿದ್ದೇನೆ. ನಿಮ್ಮ ಪ್ರಶ್ನೆಯನ್ನು ನನ್ನ ತಂದೆಯವರೂ ಕೇಳಿದ್ದರು, ಆಗ ನನ್ನಲ್ಲಿ ಸರಿಯಾದ ಉತ್ತರವಿರಲಿಲ್ಲ. ಎರಡು ಪ್ರಯೋಗಾಲಯಗಳಲ್ಲಿ ಯಾವುದು ಎಂಬ ವಿಚಾರಕ್ಕೆ ಕೊನೆಯಲ್ಲಿ ಬರುತ್ತೇನೆ. ಈ ಕೆಲಸದ ನಿಜವಾದ ಕಷ್ಟ ಎಲ್ಲಿದೆ ಎಂಬುದು ತಿಳಿಯದೆ ಅದನ್ನು ತೀರ್ಮಾನಿಸುವುದು ಸಾಧ್ಯವಿಲ್ಲ.

ಮೊದಲು ವಸ್ತುವಿನ ಪರಿಚಯ. ಅಮೈನೋ ಆಮ್ಲಗಳು ಒಂದಕ್ಕೊಂದು ಪೋಣಿಸಿಕೊಂಡ ಚಿಕ್ಕ ಸರಪಳಿಗೆ ಪೆಪ್ಟೈಡ್ ಎನ್ನುತ್ತೇವೆ. ನರಕೋಶಗಳು ತಯಾರಿಸಿ, ಸಂದೇಶಕ್ಕಾಗಿ ಹೊರಬಿಡುವ ಪೆಪ್ಟೈಡುಗಳೇ ನ್ಯೂರೋಪೆಪ್ಟೈಡುಗಳು. ಇಂಥವು ನಮ್ಮ ದೇಹದಲ್ಲಿ ನೂರಕ್ಕೂ ಹೆಚ್ಚಿವೆ. ನಿಮಗೆ ಗೊತ್ತಿರುವ ಒಂದನ್ನೇ ಹೇಳುವುದಾದರೆ, ಕರು ಬಂದು ಮೂತಿಯಿಂದ ತಿವಿದಾಗ ಹಸುವಿನ ಕೆಚ್ಚಲಿಗೆ ಹಾಲು ಇಳಿಯುವುದು ಆಕ್ಸಿಟೋಸಿನ್ ಎಂಬ ನ್ಯೂರೋಪೆಪ್ಟೈಡಿನಿಂದ. ಅದರಲ್ಲಿರುವುದು ಒಂಬತ್ತೇ ಅಮೈನೋ ಆಮ್ಲಗಳು. 1953ರಲ್ಲಿ ವಿನ್ಸೆಂಟ್ ಡು ವಿಗ್ನೋ ಅವರು ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿ ತೋರಿಸಿದರು, 1955ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ಹೆರಿಗೆ ಕೋಣೆಯಲ್ಲಿ ಇಂದು ಕೊಡುವ ಆಕ್ಸಿಟೋಸಿನ್ ಚುಚ್ಚುಮದ್ದಿನ ಮೂಲ ಅದೇ ಕೆಲಸ.

ಈ ಪೆಪ್ಟೈಡುಗಳು ಹುಟ್ಟುವ ರೀತಿಯೂ ಗಮನಿಸತಕ್ಕದ್ದು. ನರಕೋಶವು ಮೊದಲು ಉದ್ದನೆಯ ಒಂದು ಪ್ರೋಟೀನನ್ನು ತಯಾರಿಸುತ್ತದೆ. ಬಿದಿರಿನ ಗಳದಲ್ಲಿ ಗೆಣ್ಣುಗಳಿರುವಂತೆ ಆ ಪ್ರೋಟೀನಿನಲ್ಲಿಯೂ ಅಲ್ಲಲ್ಲಿ ಗುರುತುಗಳಿರುತ್ತವೆ, ಕಿಣ್ವಗಳು ಆ ಗುರುತುಗಳಲ್ಲಿಯೇ ಕತ್ತರಿಸುತ್ತವೆ. ಒಂದೇ ಗಳವನ್ನು ಒಂದು ಕೋಶ ಒಂದು ಬಗೆಯಲ್ಲಿ, ಇನ್ನೊಂದು ಕೋಶ ಇನ್ನೊಂದು ಬಗೆಯಲ್ಲಿ ಕಡಿದುಕೊಳ್ಳುವುದರಿಂದ, ಪಿಟ್ಯುಟರಿ ಗ್ರಂಥಿಯ ಒಂದು ಭಾಗದಲ್ಲಿ ಅಡ್ರಿನಲ್ ಗ್ರಂಥಿಯನ್ನು ಎಚ್ಚರಿಸುವ ಹಾರ್ಮೋನು ಹೊರಬಂದರೆ, ಅದೇ ಮೂಲ ಪ್ರೋಟೀನಿನಿಂದ ಬೇರೆಡೆ ನೋವನ್ನು ತಗ್ಗಿಸುವ ಬೀಟಾ ಎಂಡಾರ್ಫಿನ್ ಹೊರಬರುತ್ತದೆ. ಕತ್ತರಿಸಿದ ತುಣುಕುಗಳು ಪುಟ್ಟ ಚೀಲಗಳಲ್ಲಿ ತುಂಬಿಕೊಂಡು ನರದ ತುದಿಯವರೆಗೆ ಸಾಗುತ್ತವೆ. ನರ ಜೋರಾಗಿ, ಮತ್ತೆ ಮತ್ತೆ ಮಿಡಿದಾಗ ಹೊರಬೀಳುತ್ತವೆ. ಹೊರಬಿದ್ದ ಸ್ವಲ್ಪ ಹೊತ್ತಿಗೆಲ್ಲ ಬೇರೆ ಕಿಣ್ವಗಳು ಅವನ್ನು ಚೂರು ಮಾಡುತ್ತವೆ.

ಸಂಕೇತ ವ್ಯವಸ್ಥೆ ಎಂದು ನಿಮ್ಮ ಮಗಳು ಹೇಳಿದ್ದು ಇದರ ಮುಂದಿನ ಭಾಗವನ್ನು. ಪೆಪ್ಟೈಡು ತಾನು ತಲುಪಿದ ಕೋಶದ ಒಳಕ್ಕೆ ಹೋಗುವುದಿಲ್ಲ. ಕೋಶದ ಪೊರೆಯಲ್ಲಿ ನೆಟ್ಟುಕೊಂಡಿರುವ ಗ್ರಾಹಿ ಎಂಬ ಪ್ರೋಟೀನಿಗೆ ಹೊರಗಿನಿಂದಲೇ ತಗಲಿಕೊಳ್ಳುತ್ತದೆ. ನೀವು ತೋಟಕ್ಕೆ ಹೋಗದೆ ಮನೆಯಿಂದಲೇ ರೈಟರಿಗೆ ಒಂದು ಮಾತು ಹೇಳುತ್ತೀರಿ, ರೈಟರು ಮೇಸ್ತ್ರಿಗಳಿಗೆ ಹೇಳುತ್ತಾರೆ, ಮೇಸ್ತ್ರಿಗಳು ಇಡೀ ಲೈನಿನವರನ್ನು ಕೆಲಸಕ್ಕೆ ಹಚ್ಚುತ್ತಾರೆ. ನಿಮ್ಮ ಒಂದು ಮಾತು ನೂರು ಜನರ ಕೆಲಸವಾಗುತ್ತದೆ. ಕೋಶದೊಳಗೆ ನಡೆಯುವುದೂ ಹೀಗೆಯೇ. ಗ್ರಾಹಿಯು ಪೊರೆಯ ಒಳಬದಿಯ ಜಿ ಪ್ರೋಟೀನನ್ನು ಎಚ್ಚರಿಸುತ್ತದೆ, ಅದು ಒಂದು ಕಿಣ್ವವನ್ನು ಚಾಲೂ ಮಾಡುತ್ತದೆ, ಆ ಕಿಣ್ವ ಸೈಕ್ಲಿಕ್ ಎಎಂಪಿಯಂಥ ಸಣ್ಣ ಅಣುಗಳನ್ನು ರಾಶಿರಾಶಿಯಾಗಿ ಉತ್ಪಾದಿಸುತ್ತದೆ. ಅರ್ಲ್ ಸದರ್ಲೆಂಡ್ ಅವರು ಈ ‘ಎರಡನೆಯ ದೂತ’ನನ್ನು 1950ರ ದಶಕದಲ್ಲಿ ಗುರುತಿಸಿದರು, 1971ರಲ್ಲಿ ಅವರಿಗೆ ನೊಬೆಲ್ ದೊರೆಯಿತು, ಜಿ ಪ್ರೋಟೀನುಗಳಿಗಾಗಿ ಗಿಲ್ಮನ್ ಮತ್ತು ರಾಡ್‌ಬೆಲ್ ಅವರಿಗೆ 1994ರಲ್ಲಿ, ಈ ಬಗೆಯ ಗ್ರಾಹಿಗಳಿಗಾಗಿ ಲೆಫ್ಕೋವಿಟ್ಸ್ ಮತ್ತು ಕೊಬಿಲ್ಕಾ ಅವರಿಗೆ 2012ರಲ್ಲಿ ದೊರೆಯಿತು.

ನೀವು ಕಾಫಿ ಬೆಳೆಗಾರರಾದ್ದರಿಂದ ಇಲ್ಲಿ ಒಂದು ಮಾತು ಸೇರಿಸುತ್ತೇನೆ. ಕೆಫೀನ್ ಸೈಕ್ಲಿಕ್ ಎಎಂಪಿಯನ್ನು ಒಡೆಯುವ ಕಿಣ್ವವನ್ನು ತಡೆಯುತ್ತದೆ, ಆದ್ದರಿಂದಲೇ ಕಾಫಿ ಕುಡಿದರೆ ಎಚ್ಚರ ಬರುತ್ತದೆ ಎಂದು ಬಹಳ ಕಾಲ ಕಲಿಸುತ್ತಿದ್ದರು. ಪ್ರಯೋಗದಲ್ಲಿ ಅದು ನಿಜವೂ ಹೌದು. ಆದರೆ ಹಾಗೆ ತಡೆಯಲು ಬೇಕಾಗುವಷ್ಟು ಕೆಫೀನ್ ಎರಡು ಲೋಟ ಕಾಫಿ ಕುಡಿದವರ ರಕ್ತದಲ್ಲಿ ಇರುವುದೇ ಇಲ್ಲ. ನಾವು ಎಚ್ಚರವಿದ್ದಷ್ಟು ಹೊತ್ತೂ ಮೆದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಸೇರುತ್ತಾ ಹೋಗಿ ತನ್ನ ಗ್ರಾಹಿಗಳ ಮೂಲಕ ನಿದ್ದೆಯನ್ನು ತರುತ್ತದೆ. ಕೆಫೀನ್ ಆ ಗ್ರಾಹಿಗಳಲ್ಲಿ ತಾನೇ ಕುಳಿತು ಅಡಿನೋಸಿನ್‌ಗೆ ಜಾಗವಿಲ್ಲದಂತೆ ಮಾಡುತ್ತದೆ, ಅದಕ್ಕೆ ಲೋಟದಲ್ಲಿರುವಷ್ಟು ಪ್ರಮಾಣ ಸಾಕು. ಒಂದು ವಸ್ತು ಏನು ಮಾಡಬಲ್ಲದು ಎಂಬುದು ಬೇರೆ, ದೇಹದಲ್ಲಿ ಇರುವ ಪ್ರಮಾಣದಲ್ಲಿ ಅದು ಏನು ಮಾಡುತ್ತಿದೆ ಎಂಬುದು ಬೇರೆ. ನಮ್ಮ ಕ್ಷೇತ್ರದ ತಪ್ಪುಗಳಲ್ಲಿ ಬಹುಪಾಲು ಈ ಎರಡನ್ನೂ ಒಂದೇ ಎಂದುಕೊಂಡದ್ದರಿಂದ ಆದವು.

ಪ್ರಮಾಣದ ಈ ಮಾತೇ ನಮ್ಮ ಕೆಲಸದ ತಿರುಳು. ಥೈರಾಯ್ಡ್ ಗ್ರಂಥಿಯನ್ನು ದೂರದಿಂದ ನಡೆಸುವ ಟಿಆರ್‌ಎಚ್ ಎಂಬ ಪೆಪ್ಟೈಡಿನಲ್ಲಿರುವುದು ಮೂರೇ ಅಮೈನೋ ಆಮ್ಲಗಳು. ಅದು ಏನೆಂದು ತಿಳಿಯಲು ರೋಜರ್ ಗಿಯೆಮಾ ಅವರ ತಂಡ ಕಸಾಯಿಖಾನೆಗಳಿಂದ ಕುರಿಗಳ ಮೆದುಳಿನ ಹೈಪೋಥಲಾಮಸ್ ಭಾಗವನ್ನು ವರ್ಷಗಟ್ಟಲೆ ಸಂಗ್ರಹಿಸಿತು. ಸುಮಾರು 3 ಲಕ್ಷ ಕುರಿಗಳಿಂದ ಶುದ್ಧ ರೂಪದಲ್ಲಿ ಅವರ ಕೈಗೆ ಬಂದದ್ದು ಒಂದು ಮಿಲಿಗ್ರಾಂ. ಆಂಡ್ರ್ಯೂ ಶಾಲಿ ಅವರು ಹಂದಿಗಳಿಂದ ಅದೇ ಕೆಲಸವನ್ನು ಪೈಪೋಟಿಯಲ್ಲಿ ಮಾಡುತ್ತಿದ್ದರು. 1969ರಲ್ಲಿ ಎರಡೂ ಕಡೆ ಉತ್ತರ ಸಿಕ್ಕಿತು, 1977ರಲ್ಲಿ ಇಬ್ಬರೂ ನೊಬೆಲ್ ಹಂಚಿಕೊಂಡರು. ಆ ವರ್ಷದ ಬಹುಮಾನದ ಉಳಿದ ಅರ್ಧ ರೊಸಾಲಿನ್ ಯಾಲೋ ಅವರಿಗೆ ಹೋಯಿತು. ಅವರೂ ಸಾಲಮನ್ ಬರ್ಸನ್ ಅವರೂ ಕೂಡಿ, ವಿಕಿರಣ ಸೂಸುವ ಗುರುತು ಹಚ್ಚಿದ ಹಾರ್ಮೋನನ್ನೂ ರೋಗಿಯ ರಕ್ತದಲ್ಲಿರುವ ಹಾರ್ಮೋನನ್ನೂ ಒಂದೇ ಪ್ರತಿಕಾಯಕ್ಕಾಗಿ (ನಿರ್ದಿಷ್ಟ ವಸ್ತುವನ್ನು ಗುರುತಿಸಿ ಅದಕ್ಕೆ ಅಂಟಿಕೊಳ್ಳುವ ಪ್ರೋಟೀನು) ಸ್ಪರ್ಧೆಗೆ ಬಿಟ್ಟು, ಗುರುತಿನದ್ದು ಎಷ್ಟು ಹೊರಗುಳಿಯಿತು ಎಂಬುದರಿಂದ ರಕ್ತದಲ್ಲಿದ್ದ ಪ್ರಮಾಣವನ್ನು ಲೆಕ್ಕ ಹಾಕುವ ವಿಧಾನವನ್ನು ಕಂಡುಹಿಡಿದಿದ್ದರು. ಬರ್ಸನ್ 1972ರಲ್ಲಿಯೇ ತೀರಿಕೊಂಡಿದ್ದರಿಂದ ಅವರಿಗೆ ಆ ಗೌರವ ಸಿಗಲಿಲ್ಲ. ನನ್ನ ಮಟ್ಟಿಗೆ ಆ ವರ್ಷದ ಮೂವರಲ್ಲಿ ಹೆಚ್ಚಿನದು ಯಾಲೋ ಅವರ ಕೆಲಸ. ಅಳೆಯುವ ದಾರಿ ಸಿಕ್ಕಿದ ಮೇಲಷ್ಟೇ ಉಳಿದವರೆಲ್ಲರ ಕೆಲಸಕ್ಕೂ ಕಾಲು ಬಂತು.

ನಾನು ಈ ಕೆಲಸ ಕಲಿತದ್ದು ಅದಕ್ಕಿಂತ ಹಳೆಯ ವಿಧಾನದಲ್ಲಿ. ಗಿನಿಯಿಲಿಯ ಸಣ್ಣ ಕರುಳಿನಿಂದ ಎರಡು ಸೆಂಟಿಮೀಟರಿನಷ್ಟು ತುಂಡನ್ನು ಕತ್ತರಿಸಿ, ಎರಡೂ ತುದಿಗೆ ಹತ್ತಿಯ ದಾರ ಕಟ್ಟಿ, ಉಪ್ಪು ಮತ್ತು ಗ್ಲೂಕೋಸ್ ಕೂಡಿದ ಬೆಚ್ಚಗಿನ ದ್ರಾವಣದಲ್ಲಿ ಇಳಿಬಿಡುತ್ತಿದ್ದೆವು. ಕೆಳಗಿನಿಂದ ಗಾಳಿಯ ಗುಳ್ಳೆಗಳು ಏಳುತ್ತಿರುತ್ತವೆ. ಮೇಲಿನ ದಾರವನ್ನು ಒಂದು ಹಗುರವಾದ ಕಡ್ಡಿಗೆ ಕಟ್ಟಿರುತ್ತದೆ, ಕಡ್ಡಿಯ ಮೊನೆ ನಿಧಾನವಾಗಿ ತಿರುಗುವ ಉರುಳೆಗೆ ತಾಕಿರುತ್ತದೆ. ಉರುಳೆಗೆ ಸುತ್ತಿದ ಹೊಳಪಿನ ಕಾಗದವನ್ನು ಸೀಮೆಎಣ್ಣೆಯ ಹೊಗೆಗೆ ಹಿಡಿದು ಕಪ್ಪಾಗಿಸಿರುತ್ತೇವೆ. ಒಂದು ಹನಿ ಪೆಪ್ಟೈಡ್ ಹಾಕಿದೊಡನೆ ಕರುಳು ಕುಗ್ಗುತ್ತದೆ, ಕಡ್ಡಿ ಏಳುತ್ತದೆ, ಮಸಿಯ ಮೇಲೆ ಬಿಳಿಯ ಗೆರೆ ಮೂಡುತ್ತದೆ. ಸಂಜೆ ಆ ಕಾಗದವನ್ನು ಬಿಡಿಸಿ ಅರಗಿನ ದ್ರಾವಣದಲ್ಲಿ ಅದ್ದಿ ಒಣಗಿಸಿದರೆ ಗೆರೆ ಅಳಿಸುವುದಿಲ್ಲ. ಸತ್ತ ಪ್ರಾಣಿಯ ಒಂದು ತುಂಡು ಕರುಳು ಗಂಟೆಗಟ್ಟಲೆ ಜೀವಂತವಾಗಿದ್ದು, ಕಣ್ಣಿಗೆ ಕಾಣದ ಒಂದು ವಸ್ತುವಿಗೆ ಉತ್ತರ ಕೊಡುವುದನ್ನು ಮೊದಲ ಸಲ ಕಂಡ ದಿನ ನಾನು ಊಟಕ್ಕೂ ಏಳಲಿಲ್ಲ.

ಸಬ್‌ಸ್ಟೆನ್ಸ್ ಪಿ ಎಂಬ ಪೆಪ್ಟೈಡು ಸಿಕ್ಕಿದ್ದು ಇಂಥ ಒಂದು ಕರುಳಿನ ತುಂಡಿನಿಂದಲೇ. ಅದರ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ನಿಮ್ಮ ‘ಅರ್ಥವಿದೆಯೇ’ ಎಂಬ ಪ್ರಶ್ನೆಗೆ ಇದಕ್ಕಿಂತ ಪ್ರಾಮಾಣಿಕವಾದ ಉತ್ತರ ನನ್ನಲ್ಲಿಲ್ಲ. 1931ರಲ್ಲಿ ಲಂಡನ್ನಿನಲ್ಲಿ ಉಲ್ಫ್ ಫಾನ್ ಆಯ್ಲರ್ ಮತ್ತು ಜಾನ್ ಗ್ಯಾಡಮ್ ಎಂಬ ಇಬ್ಬರು ಕುದುರೆಯ ಮೆದುಳು ಮತ್ತು ಕರುಳಿನಿಂದ ಸಾರ ತೆಗೆದು, ಅದರಲ್ಲಿ ನರಗಳ ಸಂದೇಶವಾಹಕವೂ ಕರುಳನ್ನು ಕುಗ್ಗಿಸುವಂಥದ್ದೂ ಆದ ಅಸಿಟೈಲ್‌ಕೋಲಿನ್ ಇರುವುದನ್ನು ನೋಡಲು ಹೊರಟಿದ್ದರು. ಅಟ್ರೋಪಿನ್ ಹಾಕಿದರೆ ಅಸಿಟೈಲ್‌ಕೋಲಿನ್‌ನ ಪ್ರಭಾವ ನಿಂತು ಕರುಳು ಸುಮ್ಮನಾಗಬೇಕಿತ್ತು. ಸುಮ್ಮನಾಗಲಿಲ್ಲ. ಇದನ್ನು ಏನೋ ಕಲಬೆರಕೆ ಎಂದು ಬದಿಗಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅವರು ಆ ಸಾರವನ್ನು ಪುಡಿಯ ರೂಪಕ್ಕೆ ತಂದು ಅದಕ್ಕೆ ‘ಪಿ’ ಎಂಬ ಅಕ್ಷರವನ್ನಷ್ಟೇ ಇಟ್ಟರು. ಆ ಪುಡಿಯಲ್ಲಿರುವ ಅಣು ಯಾವುದು ಎಂಬುದು ಮುಂದಿನ ನಾಲ್ಕು ದಶಕ ಯಾರಿಗೂ ತಿಳಿಯಲಿಲ್ಲ.

ತಿಳಿದದ್ದು ಬೇರೊಂದನ್ನು ಹುಡುಕುತ್ತಿದ್ದವರಿಗೆ. ಅಮೆರಿಕದ ಸೂಸನ್ ಲೀಮನ್ ಅವರು ಹಸುಗಳ ಹೈಪೋಥಲಾಮಸ್‌ನಿಂದ, ದೇಹ ಒತ್ತಡಕ್ಕೆ ಸಿಕ್ಕಾಗ ಪಿಟ್ಯುಟರಿಯನ್ನು ಎಚ್ಚರಿಸುವ ಅಂಶವನ್ನು ಬೇರ್ಪಡಿಸಲು ಯತ್ನಿಸುತ್ತಿದ್ದರು. ಸಾರದ ಒಂದು ಭಾಗವನ್ನು ಇಲಿಗೆ ಚುಚ್ಚಿದಾಗ ಇಲಿಯ ಬಾಯಿಂದ ಜೊಲ್ಲು ಸುರಿಯತೊಡಗಿತು. ಅವರಿಗೆ ಬೇಕಾಗಿದ್ದಕ್ಕೂ ಜೊಲ್ಲಿಗೂ ಸಂಬಂಧವಿರಲಿಲ್ಲ. ಆದರೂ ಅವರು ಜೊಲ್ಲು ಸುರಿಸುವ ಅಂಶವನ್ನೇ ಹಿಡಿದು ಹೊರಟರು, 1970ರಲ್ಲಿ ಮೈಕೆಲ್ ಚಾಂಗ್ ಅವರೊಡನೆ ಅದನ್ನು ಶುದ್ಧ ಮಾಡಿದರು. ಅದು ಹನ್ನೊಂದು ಅಮೈನೋ ಆಮ್ಲಗಳ ಸರಪಳಿ ಎಂಬುದೂ, 1931ರ ಆ ಪುಡಿಯಲ್ಲಿದ್ದ ವಸ್ತು ಇದೇ ಎಂಬುದೂ ಆಗ ತಿಳಿಯಿತು. ಅದೇ ಕೆಲಸದ ನಡುವೆ, ಇಲಿಯ ಚರ್ಮ ಕೆಂಪಾಗುವುದನ್ನು ಗಮನಿಸಿ ಲೀಮನ್ ಮತ್ತು ರಾಬರ್ಟ್ ಕ್ಯಾರವೇ ಅವರು 1973ರಲ್ಲಿ ನ್ಯೂರೋಟೆನ್ಸಿನ್ ಎಂಬ ಇನ್ನೊಂದು ಪೆಪ್ಟೈಡನ್ನು ಹೊರತೆಗೆದರು. ಅವರು ಮೊದಲು ಹುಡುಕುತ್ತಿದ್ದ ಒತ್ತಡದ ಅಂಶವನ್ನು 1981ರಲ್ಲಿ ವೈಲಿ ವೇಲ್ ಅವರ ತಂಡ ಕಂಡುಹಿಡಿಯಿತು. ಅದು 41 ಅಮೈನೋ ಆಮ್ಲಗಳದ್ದು.

ಸಬ್‌ಸ್ಟೆನ್ಸ್ ಪಿ ನಮ್ಮ ಅಡುಗೆಮನೆಗೂ ತೋಟಕ್ಕೂ ಹತ್ತಿರದ್ದು. ಗಾಂಧಾರಿ ಮೆಣಸನ್ನು ಜಜ್ಜಿದ ಕೈಯಿಂದ ಕತ್ತನ್ನೋ ಮಣಿಕಟ್ಟನ್ನೋ ಉಜ್ಜಿಕೊಂಡರೆ ಆ ಜಾಗ ಉರಿಯುವುದಷ್ಟೇ ಅಲ್ಲದೆ ಕೆಂಪಾಗಿ ಬಿಸಿಯಾಗುತ್ತದೆ. ಮೆಣಸಿನ ಕ್ಯಾಪ್ಸೈಸಿನ್ ಚರ್ಮದ ನರತುದಿಯಲ್ಲಿರುವ ಒಂದು ಬಾಗಿಲನ್ನು ತೆರೆಯುತ್ತದೆ. ಸುಡುವ ಶಾಖಕ್ಕೆ ತೆರೆಯುವುದೂ ಅದೇ ಬಾಗಿಲು. ಡೇವಿಡ್ ಜೂಲಿಯಸ್ ಅವರು 1997ರಲ್ಲಿ ಅದರ ಜೀನನ್ನು ಗುರುತಿಸಿದರು, 2021ರ ನೊಬೆಲ್‌ನಲ್ಲಿ ಪಾಲು ಪಡೆದರು. ನಿಮ್ಮ ಸಿಲ್ವರ್ ಓಕ್ ಮರಗಳ ಮೇಲೆ ಹಬ್ಬಿರುವ ಕರಿಮೆಣಸಿನ ಪೈಪರಿನ್ ಕೂಡ ಅದೇ ಬಾಗಿಲನ್ನು ತಟ್ಟುತ್ತದೆ, ಸ್ವಲ್ಪ ಮೆಲ್ಲಗೆ. ಬಾಗಿಲು ತೆರೆದಾಗ ನರವು ಮೆದುಳಿಗೆ ಸುದ್ದಿ ಕಳುಹಿಸುವುದರ ಜೊತೆಗೆ, ಅಲ್ಲೇ ಚರ್ಮದೊಳಗೆ ಸಬ್‌ಸ್ಟೆನ್ಸ್ ಪಿ ಮತ್ತು ಸಿಜಿಆರ್‌ಪಿ ಎಂಬ ಎರಡು ಪೆಪ್ಟೈಡುಗಳನ್ನು ಬಿಡುತ್ತದೆ. ಸಿಜಿಆರ್‌ಪಿ ರಕ್ತನಾಳಗಳನ್ನು ಹಿಗ್ಗಿಸಿ ಕೆಂಪಾಗಿಸುತ್ತದೆ, ಸಬ್‌ಸ್ಟೆನ್ಸ್ ಪಿ ನಾಳಗಳಿಂದ ನೀರು ಜಿನುಗುವಂತೆ ಮಾಡಿ ಊದಿಸುತ್ತದೆ.

ಹೀಗೆ ನೋವಿನ ನರಗಳಲ್ಲೇ ಇರುವ ಪೆಪ್ಟೈಡು ಎಂದಮೇಲೆ, ಅದನ್ನು ತಡೆದರೆ ನೋವು ನಿಲ್ಲಬೇಕಲ್ಲವೇ? ಪ್ರಪಂಚದ ದೊಡ್ಡ ಔಷಧ ಕಂಪನಿಗಳೆಲ್ಲ ಹಾಗೆಯೇ ಎಣಿಸಿದವು. ಅದರ ಗ್ರಾಹಿಯನ್ನು ಮುಚ್ಚುವ ಔಷಧಗಳು 1990ರ ದಶಕದಲ್ಲಿ ತಯಾರಾದವು, ಪ್ರಾಣಿಗಳಲ್ಲಿ ಚೆನ್ನಾಗಿಯೂ ಕೆಲಸ ಮಾಡಿದವು, ಮನುಷ್ಯರ ನೋವಿನಲ್ಲಿ ಮಾತ್ರ ಸೋತವು. ನನ್ನ ಪೀಳಿಗೆಯ ಅನೇಕರ ಹತ್ತು ವರ್ಷದ ದುಡಿಮೆ ಅಲ್ಲಿ ನಿಂತುಹೋಯಿತು. ಆದರೆ ಅದೇ ಗ್ರಾಹಿ ಮೆದುಳಿನ ಬುಡದಲ್ಲಿ ವಾಂತಿಯನ್ನು ನಿಯಂತ್ರಿಸುವ ಜಾಗದಲ್ಲಿಯೂ ಇದೆ. ಆ ಔಷಧಗಳಲ್ಲಿ ಒಂದಾದ ಅಪ್ರೆಪಿಟೆಂಟ್ 2003ರಲ್ಲಿ ಅಮೆರಿಕದಲ್ಲಿ ಮಂಜೂರಾಗಿ, ಕಿಮೋಥೆರಪಿ ಪಡೆಯುವವರ ವಾಂತಿ ತಡೆಯುವ ಮಾತ್ರೆಯಾಯಿತು. ಈಗ ನಮ್ಮ ದೇಶದ ಕ್ಯಾನ್ಸರ್ ಆಸ್ಪತ್ರೆಗಳಲ್ಲಿಯೂ ಅದನ್ನು ಕೊಡುತ್ತಾರೆ. ನನ್ನ ಅಕ್ಕನ ಚಿಕಿತ್ಸೆಯ ಸಮಯದಲ್ಲಿ ಆ ಕ್ಯಾಪ್ಸೂಲಿನ ಪಟ್ಟಿಯನ್ನು ಔಷಧದಂಗಡಿಯಿಂದ ನಾನೇ ತಂದುಕೊಟ್ಟೆ. ಕುದುರೆಯ ಕರುಳಿನಿಂದ ಆ ಔಷಧದ ಮಂಜೂರಾತಿಯವರೆಗೆ 72 ವರ್ಷವಾಗಿತ್ತು.

ನೋವಿನ ವಿಷಯದಲ್ಲಿ ಗೆದ್ದದ್ದು ಪಕ್ಕದಲ್ಲಿದ್ದ ಸಿಜಿಆರ್‌ಪಿ. 1980ರ ದಶಕದ ಆರಂಭದಲ್ಲಿ ಬೆಳಕಿಗೆ ಬಂದ, 37 ಅಮೈನೋ ಆಮ್ಲಗಳ ಪೆಪ್ಟೈಡು ಅದು. ಪೀಟರ್ ಗೋಡ್ಸ್‌ಬಿ ಮತ್ತು ಲಾರ್ಸ್ ಎಡ್ವಿನ್ಸನ್ ಅವರು ಮೈಗ್ರೇನ್ ತಲೆನೋವು ನಡೆಯುತ್ತಿರುವಾಗಲೇ ರೋಗಿಗಳ ಕತ್ತಿನ ದೊಡ್ಡ ರಕ್ತನಾಳದಿಂದ ರಕ್ತ ತೆಗೆದು ಅಳೆದರು, 1990ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಿಜಿಆರ್‌ಪಿ ಏರಿತ್ತು, ಸಬ್‌ಸ್ಟೆನ್ಸ್ ಪಿ ಏರಿರಲಿಲ್ಲ. ಔಷಧವಾಗಿ ಅದು ರೋಗಿಗಳ ಕೈಸೇರಲು ಮತ್ತೆ 28 ವರ್ಷ ಬೇಕಾಯಿತು, ಸಿಜಿಆರ್‌ಪಿಯ ಗ್ರಾಹಿಯನ್ನು ತಡೆಯುವ ಎರೆನುಮ್ಯಾಬ್ ಮಂಜೂರಾದದ್ದು 2018ರಲ್ಲಿ. ಎರಡೂ ಪೆಪ್ಟೈಡು ಒಂದೇ ನರದ ತುದಿಯಲ್ಲಿರುತ್ತವೆ, ಇಲಿಗಳಲ್ಲಿ ಎರಡರ ಪರವಾಗಿಯೂ ಪುರಾವೆಯಿತ್ತು. ಅವುಗಳ ದಾರಿಯನ್ನು ಬೇರ್ಪಡಿಸಿದ್ದು, ನಿಜವಾದ ರೋಗಿಯಲ್ಲಿ, ನೋವಿರುವ ಗಳಿಗೆಯಲ್ಲಿ, ಸರಿಯಾದ ರಕ್ತನಾಳದಿಂದ ತೆಗೆದ ಒಂದು ಅಳತೆ. ನಿಮ್ಮ ಮಗಳು ಯಾವ ಪೆಪ್ಟೈಡನ್ನು ಆರಿಸಿಕೊಂಡರೂ ಕಲಿಯಬೇಕಾದ ಮುಖ್ಯ ವಿದ್ಯೆ ಇದು ಎಂದು ನಾನು ದೃಢವಾಗಿ ನಂಬಿದ್ದೇನೆ.

ಈ ನಂಬಿಕೆಗೆ ನಾನು ಕೊಟ್ಟ ಬೆಲೆಯನ್ನೂ ಹೇಳಬೇಕು. ಸ್ವತಂತ್ರವಾಗಿ ಕೆಲಸ ಆರಂಭಿಸಿದ ಹೊಸತರಲ್ಲಿ, ಒಂದು ಪೆಪ್ಟೈಡಿನ ಗ್ರಾಹಿ ಇಲಿಯ ಬೆನ್ನುಹುರಿಯಲ್ಲಿ ಎಲ್ಲೆಲ್ಲಿದೆ ಎಂದು ನೋಡಲು ಮಾರುಕಟ್ಟೆಯಲ್ಲಿ ಸಿಗುವ ಒಂದು ಪ್ರತಿಕಾಯವನ್ನು ತರಿಸಿದ್ದೆ. ತೆಳುವಾಗಿ ಸೀಳಿದ ಅಂಗಾಂಶಕ್ಕೆ ಅದನ್ನು ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕತ್ತಲೆಯ ನಡುವೆ ಹಸಿರು ಎಳೆಗಳು ಹೊಳೆಯುತ್ತಿದ್ದವು, ಚಿತ್ರಗಳು ಬಹಳ ಚೆನ್ನಾಗಿದ್ದವು. ಪ್ರತಿಕಾಯ ತಯಾರಿಸಲು ಬಳಸಿದ ಪೆಪ್ಟೈಡ್ ತುಣುಕನ್ನು ಮೊದಲೇ ಬೆರೆಸಿದರೆ ಹೊಳಪು ಮಾಯವಾಗುತ್ತಿತ್ತು, ಆ ಕಾಲದಲ್ಲಿ ಅದೇ ಸಾಕಷ್ಟು ಪರೀಕ್ಷೆ ಎನಿಸಿಕೊಂಡಿತ್ತು. ಎರಡು ವರ್ಷದ ಬಳಿಕ, ಆ ಗ್ರಾಹಿಯ ಜೀನನ್ನೇ ತೆಗೆದುಹಾಕಿದ ಇಲಿಗಳ ಅಂಗಾಂಶ ಬೇರೊಂದು ಪ್ರಯೋಗಾಲಯದಿಂದ ಸಿಕ್ಕಿತು. ಗ್ರಾಹಿಯೇ ಇಲ್ಲದ ಆ ಬೆನ್ನುಹುರಿಯಲ್ಲಿಯೂ ಅದೇ ಹಸಿರು ಎಳೆಗಳು ಅಷ್ಟೇ ಚೆನ್ನಾಗಿ ಹೊಳೆದವು. ತುಣುಕನ್ನು ಬೆರೆಸುವ ಪರೀಕ್ಷೆಯಿಂದ ಪ್ರತಿಕಾಯ ಆ ತುಣುಕಿಗೆ ಅಂಟುತ್ತದೆ ಎಂಬುದಷ್ಟೇ ಸಿದ್ಧವಾಗುತ್ತದೆ, ಅಂಗಾಂಶದಲ್ಲಿ ಅದು ಬೇರಾವುದಕ್ಕೂ ಅಂಟುತ್ತಿಲ್ಲ ಎಂಬುದು ಸಿದ್ಧವಾಗುವುದಿಲ್ಲ. ಇಷ್ಟು ಸರಳವಾದ ತರ್ಕ ನನಗೆ ಎರಡು ವರ್ಷ ಹೊಳೆದಿರಲಿಲ್ಲ. ಬರೆದಿಟ್ಟಿದ್ದ ಪ್ರಬಂಧವನ್ನು ಕಳುಹಿಸಲಿಲ್ಲ. ನನ್ನ ಜೊತೆಗಿದ್ದ ವಿದ್ಯಾರ್ಥಿನಿಯ ಎರಡು ವರ್ಷವೂ ಅದರೊಂದಿಗೆ ಹೋಯಿತು ಎಂಬುದು ಇಂದಿಗೂ ನನ್ನನ್ನು ಕಾಡುತ್ತದೆ. ಈ ಬಗೆಯ ಗ್ರಾಹಿಗಳ ಪ್ರತಿಕಾಯಗಳಲ್ಲಿ ನಂಬಲಾಗದವು ಬಹಳ ಇವೆ ಎಂಬುದು ಆಮೇಲೆ ಎಲ್ಲರೂ ಒಪ್ಪಿದ ಮಾತಾಯಿತು.

ಇನ್ನು ದಾರಿ ಎಲ್ಲಿಗೆ ಎಂಬ ಪ್ರಶ್ನೆ. ಜೆ.ಆರ್.ಎಫ್. ಮೊತ್ತ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ಬಳಿಕ ಎಸ್.ಆರ್.ಎಫ್. (ಹಿರಿಯ ಸಂಶೋಧನಾ ವೇತನ) ಆದಾಗ 42,000, ಮನೆ ಬಾಡಿಗೆ ಭತ್ಯೆ ಬೇರೆ. ಬೆಂಗಳೂರಿನಲ್ಲಿ ಒಬ್ಬಳ ಖರ್ಚಿಗೆ ಇದು ಸಾಕು, ಉಳಿತಾಯ ಹೆಚ್ಚಾಗುವುದಿಲ್ಲ. ಪಿಎಚ್.ಡಿ.ಗೆ ಐದಾರು ವರ್ಷ, ಆಮೇಲೆ ಪೋಸ್ಟ್‌ಡಾಕ್ ಎಂದು ಮೂರರಿಂದ ಐದು ವರ್ಷ, ಬಹುಶಃ ವಿದೇಶದಲ್ಲಿ. ಸ್ವಂತ ಪ್ರಯೋಗಾಲಯ ಸಿಗುವುದಾದರೆ ಮೂವತ್ತೈದರ ಆಸುಪಾಸಿನಲ್ಲಿ, ಅದೂ ಎಲ್ಲರಿಗೆ ಸಿಗುವುದಿಲ್ಲ. ಮನೆಯವರಾಗಿ ನೀವು ಇದನ್ನು ಈಗಲೇ ತಿಳಿದಿದ್ದರೆ, ನಡುವೆ ‘ಇನ್ನೂ ಓದು ಮುಗಿದಿಲ್ಲವೇ’ ಎಂದು ನೆಂಟರು ಕೇಳಿದಾಗ ಅವಳ ಪರವಾಗಿ ನಿಲ್ಲಲು ನಿಮಗೆ ಸುಲಭವಾದೀತು.

ಸ್ವಂತ ಪ್ರಯೋಗಾಲಯ ಸಿಗದವರ ವಿದ್ಯೆ ವ್ಯರ್ಥವಾಗುವುದಿಲ್ಲ ಎಂಬುದನ್ನೂ ಹೇಳಬೇಕು, ಪೆಪ್ಟೈಡ್ ಗೊತ್ತಿರುವವರಿಗೆ ಇದು ಒಳ್ಳೆಯ ಕಾಲ. ಸಕ್ಕರೆ ಕಾಯಿಲೆಗೂ ಬೊಜ್ಜಿಗೂ ಈಗ ಎಲ್ಲರೂ ಮಾತಾಡುವ ಸೆಮಾಗ್ಲುಟೈಡ್ ಒಂದು ಪೆಪ್ಟೈಡ್. ಅದರ ಮೂಲವಾದ ಜಿಎಲ್‌ಪಿ-1 ಎಂಬುದನ್ನು ಕರುಳಿನ ಕೋಶಗಳೂ ಮೆದುಳಿನ ಬುಡದ ನರಕೋಶಗಳೂ ತಯಾರಿಸುತ್ತವೆ, ಆದರೆ ರಕ್ತದಲ್ಲಿ ಅದು ಒಂದೆರಡು ನಿಮಿಷದಲ್ಲಿ ಅರ್ಧದಷ್ಟು ಹಾಳಾಗುತ್ತದೆ. 1992ರಲ್ಲಿ ಜಾನ್ ಎಂಗ್ ಎಂಬ ಅಮೆರಿಕದ ವೈದ್ಯರು ಅಲ್ಲಿನ ಮರುಭೂಮಿಯ ವಿಷಹಲ್ಲಿಯೊಂದರ ಜೊಲ್ಲಿನಲ್ಲಿ ಅದನ್ನೇ ಹೋಲುವ, ಬೇಗ ಹಾಳಾಗದ ಪೆಪ್ಟೈಡನ್ನು ಕಂಡರು. ಅದು 2005ರಲ್ಲಿ ಔಷಧವಾಯಿತು. ಸೆಮಾಗ್ಲುಟೈಡ್‌ನಲ್ಲಿ ಎರಡು ಅಮೈನೋ ಆಮ್ಲಗಳನ್ನು ಬದಲಿಸಿ, ಕೊಬ್ಬಿನ ಬಾಲವೊಂದನ್ನು ಜೋಡಿಸಿ, ಅದರ ಆಯಸ್ಸನ್ನು ಒಂದು ವಾರಕ್ಕೆ ಎಳೆದಿದ್ದಾರೆ. ಇಂಥ ಪೆಪ್ಟೈಡುಗಳನ್ನು ತಯಾರಿಸುವ, ಶುದ್ಧತೆ ಅಳೆಯುವ ಕಂಪನಿಗಳು ಬೆಂಗಳೂರಿನಲ್ಲಿಯೂ ಹೈದರಾಬಾದಿನಲ್ಲಿಯೂ ಇವೆ. ಅಳತೆಯನ್ನು ಸರಿಯಾಗಿ ಕಲಿತವರಿಗೆ ಅಲ್ಲಿ ಕೆಲಸವಿದೆ.

ಕೊಡಗಿಗೆ ಮರಳುವ ವಿಚಾರದಲ್ಲಿ ನಿಮಗೆ ಸುಳ್ಳು ಭರವಸೆ ಕೊಡಲಾರೆ. ಈ ಸಂಶೋಧನೆಗೆ ಬೇಕಾದ ಪ್ರಾಣಿಶಾಲೆ, ಮೈನಸ್ 80 ಡಿಗ್ರಿಯ ಫ್ರೀಜರ್, ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್ ಎಲ್ಲವೂ ಕ್ಷಣವೂ ಕರೆಂಟು ಹೋಗದ ಜಾಗವನ್ನು ಬೇಡುತ್ತವೆ. ಆಟಿ ತಿಂಗಳ ಮಳೆಯಲ್ಲಿ ಮರ ಬಿದ್ದು ಎಷ್ಟು ದಿನ ಕತ್ತಲಲ್ಲಿರುತ್ತೇವೆ ಎಂಬುದು ನಿಮಗೇ ಗೊತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ನಿಮ್ಹಾನ್ಸ್, ಎನ್‌ಸಿಬಿಎಸ್, ಇವೇ ನಮಗೆ ಹತ್ತಿರದ ದೊಡ್ಡ ಕೇಂದ್ರಗಳು. ಹಾಗೆಂದು ಬಾಗಿಲು ಪೂರ್ತಿ ಮುಚ್ಚಿಲ್ಲ. ಮಡಿಕೇರಿಯಲ್ಲಿ 2016ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ವೈದ್ಯಕೀಯ ಕಾಲೇಜುಗಳಲ್ಲಿ ಬಯೋಕೆಮಿಸ್ಟ್ರಿ, ಫಾರ್ಮಕಾಲಜಿ ಪಾಠ ಹೇಳುವವರು ಬೇಕೇ ಬೇಕು, ನಿಯಮಗಳು ಎಂ.ಬಿ.ಬಿ.ಎಸ್. ಓದಿದವರಿಗೆ ಮೊದಲ ಆದ್ಯತೆ ಕೊಡುತ್ತವೆ ಎಂಬುದು ನೆನಪಿರಲಿ. ಪದವಿ ಕಾಲೇಜುಗಳೂ ಇವೆ. ಮೂವತ್ತರಲ್ಲಿ ಮರಳುವುದಾದರೆ ಪಾಠ ಹೇಳಲು, ಅರವತ್ತರಲ್ಲಿ ಮರಳುವುದಾದರೆ ನನ್ನ ಹಾಗೆ. ನಡುವಿನ ವರ್ಷಗಳನ್ನು ಅವಳು ಹೊರಗೆ ಕಳೆಯಬೇಕಾಗುತ್ತದೆ, ಕಾಫಿ ಕೊಯ್ಲಿಗೂ ಪುತ್ತರಿಗೂ ರಜೆ ಹಾಕಿ ಬರಬಹುದು.

ಈಗ ಎರಡು ಪ್ರಯೋಗಾಲಯಗಳ ಮಾತು. ನನ್ನ ಒಲವು ಸಣ್ಣದರ ಕಡೆಗೆ, ಒಂದು ಷರತ್ತಿನ ಮೇಲೆ. ಇಪ್ಪತ್ತು ವರ್ಷ ಒಂದೇ ಪೆಪ್ಟೈಡಿನ ಮೇಲೆ ಕೆಲಸ ಮಾಡಿದವರಿಗೆ ಅದು ಯಾವ ಗಾಜಿನ ಗೋಡೆಗೆ ಅಂಟಿಕೊಳ್ಳುತ್ತದೆ, ಮಂಜುಗಡ್ಡೆಯ ಮೇಲೆ ಎಷ್ಟು ಹೊತ್ತು ಉಳಿಯುತ್ತದೆ, ಯಾವ ಪ್ರತಿಕಾಯ ಮೋಸ ಮಾಡುತ್ತದೆ ಎಂಬುದೆಲ್ಲ ಗೊತ್ತಿರುತ್ತದೆ. ಅದು ಯಾವ ಪುಸ್ತಕದಲ್ಲಿಯೂ ಸಿಗದ, ಜೊತೆಯಲ್ಲಿ ನಿಂತೇ ಕಲಿಯಬೇಕಾದ ವಿದ್ಯೆ. ಹೊಸ ಯಂತ್ರಗಳನ್ನು ಪೋಸ್ಟ್‌ಡಾಕ್ ಕಾಲದಲ್ಲಿ ಆರು ತಿಂಗಳಲ್ಲಿ ಕಲಿಯಬಹುದು. ಆದರೆ ಇಪ್ಪತ್ತು ವರ್ಷದ ಅನುಭವ ಕೆಲವರಲ್ಲಿ ಹಠವಾಗಿಯೂ ಗಟ್ಟಿಯಾಗಿರುತ್ತದೆ, ತಮ್ಮ ಪೆಪ್ಟೈಡೇ ಎಲ್ಲಕ್ಕೂ ಕಾರಣ ಎಂದು ನಂಬಿ ಕುಳಿತವರೂ ಇದ್ದಾರೆ. ಅದನ್ನು ತಿಳಿಯಲು ಮಗಳು ಒಪ್ಪಿಗೆ ಕೊಡುವ ಮೊದಲು ಒಂದು ದಿನ ಅಲ್ಲಿಗೆ ಹೋಗಲಿ. ಮಾರ್ಗದರ್ಶಕರನ್ನು ಕೇಳುವುದಕ್ಕಿಂತ ಅಲ್ಲಿನ ಹಿರಿಯ ವಿದ್ಯಾರ್ಥಿಗಳನ್ನು ಕ್ಯಾಂಟೀನಿನಲ್ಲಿ ಕಂಡು ಎರಡು ಮಾತು ಕೇಳಲಿ: ಬಳಸುವ ಪ್ರತಿಕಾಯಗಳನ್ನು ಜೀನ್ ತೆಗೆದ ಇಲಿಯ ಅಂಗಾಂಶದ ಮೇಲೆ ನೋಡಿದ್ದೀರಾ, ಮತ್ತು ಈ ಐದು ವರ್ಷದಲ್ಲಿ ಇಲ್ಲಿ ಯಾರಾದರೂ ತಮ್ಮದೇ ಹಳೆಯ ಫಲಿತಾಂಶವನ್ನು ತಪ್ಪೆಂದು ಕಂಡುಕೊಂಡು ಹೇಳಿದ್ದಾರಾ, ಹೇಳಿದಾಗ ಏನಾಯಿತು. ಎರಡನೆಯ ಪ್ರಶ್ನೆಗೆ ಅವರು ಒಂದು ನಿರ್ದಿಷ್ಟ ಘಟನೆಯನ್ನು ಸಂಕೋಚವಿಲ್ಲದೆ ಹೇಳಿದರೆ ಅಲ್ಲಿಯೇ ಸೇರಲಿ. ಅವರು ಮುಖ ಮುಖ ನೋಡಿಕೊಂಡರೆ ದೊಡ್ಡ ಪ್ರಯೋಗಾಲಯಕ್ಕೆ ಹೋಗಿ ಅಲ್ಲಿಯೂ ಇದೇ ಪ್ರಶ್ನೆ ಕೇಳಲಿ.